ಕುಡಿಯುವ ನೀರು, ಬಳಸುವ ನೀರು

ಅತ್ತಿಗುಪ್ಪೆಗೆ ಮೆಟ್ರೊ ಇನ್ನೂ ಬಂದಿರದ ವರ್ಷಗಳವು. ನಾನು ನೀರು, ಮಣ್ಣು ಪರೀಕ್ಷೆ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಚಂದ್ರಾ ಲೇಔಟ್ ಕಡೆಯ ಒಂದು ಪೆಟ್ರೋಲ್ ಬಂಕ್‌ನಲ್ಲಿ ನೆಲದಡಿಯ ಟ್ಯಾಂಕು ತೂತುಬಿದ್ದು, ಯಾರಿಗೂ ತಿಳಿಯದಂತೆ ಬಹಳ ದಿನ ಸೋರಿತ್ತು. ಹಿಂದಿನ ರಸ್ತೆಯ ಬೋರ್‌ವೆಲ್‌ಗಳು ವಾಸನೆ ಹೊಡೆಯತೊಡಗಿದಾಗ ದೂರು ಹೋಯಿತು. ಬಂಕ್‌ನವರು ನಮ್ಮನ್ನು ಕರೆಸಿದರು.

ಟ್ಯಾಂಕು ಬದಲಾಯಿಸಿದ್ದಾಗಿತ್ತು. ಉಳಿದದ್ದು, ಕೆಳಗಿನ ನೀರು ಎಷ್ಟು ಶುದ್ಧವಾದರೆ ಸಾಕು ಎಂಬ ಪ್ರಶ್ನೆ. ಪೆಟ್ರೋಲಿನ ಬೆಂಜೀನ್ ನೀರಿನಲ್ಲಿ ಕರಗುತ್ತದೆ, ವರ್ಷಗಟ್ಟಲೆ ದೇಹ ಸೇರಿದರೆ ರಕ್ತದ ಕ್ಯಾನ್ಸರ್ ತರಬಲ್ಲದು. ಕುಡಿಯುವ ನೀರಿನಲ್ಲಿ ಅದು ಇದ್ದೂ ಇಲ್ಲದಷ್ಟು ಕಡಿಮೆ ಇರಬೇಕು. ಬಟ್ಟೆಗೆ, ಗಿಡಕ್ಕೆ ಮಾತ್ರವಾದರೆ ಮಿತಿ ಸಡಿಲಿಸಬಹುದು. ಆಗ ಕೆಲಸವೂ ಬೇಗ ಮುಗಿಯುತ್ತದೆ.

“ಅಲ್ಲೆಲ್ಲ ಕಾವೇರಿ ನೀರು ಬರುತ್ತೆ ಕಣಮ್ಮ, ಬೋರ್ ನೀರು ಯಾರೂ ಕುಡಿಯಲ್ಲ,” ಎಂದರು ನಮ್ಮ ಸಾಹೇಬರು. “ಒಂದು ಸರ್ವೆ ಮಾಡ್ಕೊಂಡು ಬಂದ್ಬಿಡು. ಬಳಕೆ ನೀರಿನ ಮಿತಿ ಹಾಕೋಣ.”

ಬೋರ್ ನೀರು ಕುಡಿಯುತ್ತೀರಾ ಎಂದು ಮನೆಮನೆಗೆ ಹೋಗಿ ಕೇಳಿದೆ. ಎಲ್ಲರೂ ಇಲ್ಲ ಎಂದೇ ಹೇಳಿದರು. ಕೊನೆಯದು ಬಾಗಲಕೋಟೆ ಕಡೆಯ ಒಬ್ಬ ಹೆಂಗಸಿನ ಖಾನಾವಳಿ. ಓದುವ ಹುಡುಗರಿಗೆ, ಫ್ಯಾಕ್ಟರಿಯವರಿಗೆ ಜೋಳದ ರೊಟ್ಟಿ ಊಟ ಹಾಕುತ್ತಿದ್ದರು. ಅವರೂ, “ಇಲ್ರೀ ಮೇಡಮ್ಮಾರ, ಅದನ್ನ ಯಾರ್ ಕುಡೀತಾರ,” ಎಂದು ನಕ್ಕರು. ಸರ್ವೆ ಹಾಳೆಯಲ್ಲಿ ಗುರುತು ಹಾಕಿಕೊಂಡು ಬಂದೆ.

ವಾರದ ನಂತರ ಬೆಳಿಗ್ಗೆ ನೀರಿನ ಮಾದರಿ ತರಲು ಅದೇ ಮನೆಗೆ ಹೋದೆ. ಹಿತ್ತಲಿನ ಬೋರ್ ನಲ್ಲಿಯಲ್ಲಿ, ಒಂದು ಗುಳ್ಳೆಯೂ ಉಳಿಯದಂತೆ ಬಾಟಲಿ ತುಂಬಿಸಿ ಮುಚ್ಚಳ ಬಿಗಿದೆ. ನಾನು ಏಳುವುದನ್ನೇ ಕಾಯುತ್ತಿದ್ದ ಆಕೆ ಅದೇ ನಲ್ಲಿಗೆ ಪಾತ್ರೆ ಹಿಡಿದು, ಒಳಗೆ ಒಲೆಯ ಮೇಲಿಟ್ಟರು. ಕುದಿ ಬಂದ ನೀರನ್ನು ಜೋಳದ ಹಿಟ್ಟಿಗೆ ಸುರಿದರು.

“ಅಮ್ಮಾ, ಈ ನೀರು ಬಳಸಲ್ಲ ಅಂದಿದ್ರಲ್ಲ?”

“ಬಳಸೂದಿಲ್ಲಂತ ಎಲ್ಲಿ ಅಂದೆನ್ರೀ? ಕುಡೀತೀರೇನು ಅಂದ್ರಿ, ಇಲ್ಲ ಅಂದೆ. ಇದು ಹಿಟ್ಟು ನಾದಾಕ. ಕಾವೇರಿ ನೀರು ದಿನಾ ಎಲ್ಲಿ ಬರತೈತಿ?”

“ವಾಸನೆ ಬರಲ್ವಾ?”

“ಕುದಿಸಿದ ಮ್ಯಾಲ ಹೋಗತೈತಲ್ರೀ.”

ಹೌದು, ಕುದಿಸಿದರೆ ಬೆಂಜೀನ್ ಬಹುಪಾಲು ಹಬೆಯೊಡನೆ ಹಾರಿಹೋಗುತ್ತದೆ. ಆದರೆ ಆ ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ, ಅದರ ಮುಂದೆ ರೊಟ್ಟಿ ಬುಟ್ಟಿ. ಆಕೆ ಅಷ್ಟೂ ಹೊತ್ತು ಆ ಹಬೆಗೆ ಮುಖ ಕೊಟ್ಟು ನಿಂತಿರುತ್ತಿದ್ದರು.

ಮತ್ತೆ ಪ್ರತಿ ಮನೆಗೂ ಹೋದೆ. ಬೆಳಿಗ್ಗೆ ಎದ್ದಾಗಿನಿಂದ ಈ ನೀರಿನಲ್ಲಿ ಏನೇನು ಮಾಡುತ್ತೀರಿ ಎಂದು ಕೂತು ಕೇಳಿದೆ. ಒಬ್ಬರು ಅಕ್ಕಿ ತೊಳೆಯುತ್ತಿದ್ದರು. ಇನ್ನೊಂದು ಮನೆಯಲ್ಲಿ ಮಗುವಿನ ಸ್ನಾನ ಅದರಲ್ಲೇ. ಬಾಯಿ ಮುಕ್ಕಳಿಸುವುದಂತೂ ಯಾರಿಗೂ ಲೆಕ್ಕಕ್ಕೇ ಇರಲಿಲ್ಲ.

ಸಾಹೇಬರ ಮುಂದೆ ಹಾಳೆಗಳನ್ನಿಟ್ಟೆ. “ಸಾರ್, ನಾನು ಕೇಳಿದ್ದೇ ತಪ್ಪು. ಬಳಕೆ ನೀರಿನ ಮಿತಿ ಇಲ್ಲಿಗೆ ಸಾಲಲ್ಲ.”

ಅವರು ಓದಿದರು. “ಬಂಕ್‌ನವರು ಒಪ್ಪಲ್ಲಮ್ಮ,” ಎಂದರು. ಮತ್ತೊಮ್ಮೆ ಓದಿದರು. ಕೊನೆಗೆ, “ಕುಡಿಯೋ ನೀರಿನದೇ ಹಾಕು, ನಾನು ಸೈನ್ ಮಾಡ್ತೀನಿ,” ಎಂದರು.

ಬಂಕ್‌ನವರು ಜಗಳವಾಡಿದರು, ಆಮೇಲೆ ಒಪ್ಪಿದರು. ಆದರೆ ನೀರು ಆ ಮಿತಿಗೆ ಇಳಿಯುವವರೆಗೂ ಬೋರ್ ಬಳಸುವಂತಿರಲಿಲ್ಲ. ಮೊದಲು ಬೀಗ ಬಿದ್ದದ್ದು ಖಾನಾವಳಿಯ ಮೋಟರಿಗೆ. ಬಂಕ್‌ನವರು ಕಳಿಸುತ್ತಿದ್ದ ಟ್ಯಾಂಕರ್ ಬರುವಷ್ಟರಲ್ಲಿ ಮಧ್ಯಾಹ್ನ. ಬೆಳಗಿನ ರೊಟ್ಟಿ ನಿಂತುಹೋಯಿತು.

“ಖರೇ ಹೇಳಿದ್ದಕ್ಕ ನನಗ ಶಿಕ್ಷೆ ಏನ್ರೀ?” ಎಂದು ಆಕೆ ಕೇಳಿದರು. ಟ್ಯಾಂಕರಿನವನ ಹಿಂದೆ ಬಿದ್ದು, ನಸುಕಿಗೇ ಬರುವಂತೆ ಮಾಡಲು ಎರಡು ತಿಂಗಳು ಹಿಡಿಯಿತು. ನಾನು ಮಾಡಲಾದದ್ದು ಅಷ್ಟೇ.

ನೀರನ್ನು ಮೇಲೆತ್ತಿ ಇದ್ದಿಲಿನ ಮೂಲಕ ಹಾಯಿಸುತ್ತ, ನೆಲದೊಳಕ್ಕೆ ಗಾಳಿ ಊದುತ್ತ ಮೂರು ವರ್ಷ ಕಳೆದವು. ಮಳೆ ಬಂದು ನೀರಿನ ಮಟ್ಟ ಏರಿದಾಗೆಲ್ಲ, ಮಣ್ಣಿಗೆ ಅಂಟಿದ್ದು ಮತ್ತೆ ನೀರಿಗೆ ಬರುತ್ತಿತ್ತು. ಕಡೆಗೂ ಒಂದು ಮಳೆಗಾಲ ದಾಟಿದ ಮೇಲೂ ಎಲ್ಲ ಬೋರ್‌ಗಳು ಮಿತಿಯ ಕೆಳಗೇ ಉಳಿದವು.

ವರದಿ ಹಿಡಿದು ಖಾನಾವಳಿಗೆ ಹೋದೆ. ಮೋಟರಿನ ಬೀಗ ತೆಗೆದಾಗ ನೀರು ತಿಳಿಯಾಗಿ ಬಂತು. ಆಕೆ ಬೊಗಸೆಯಲ್ಲಿ ಹಿಡಿದು ಮೂಸಿ, ಚೆಲ್ಲಿದರು.

“ನಿಮ್ಮ ಕಾಗದ ಸುಳ್ಳಂತ ಅಲ್ರೀ. ಮನಸ್ಸು ಒಪ್ಪವಲ್ದು. ಅಂಗಳ ತೊಳ್ಯಾಕ ಇರ್ಲಿ.”

ವಾದಿಸಬೇಕೆನಿಸಿತು, ಮೂರು ವರ್ಷದ ಕೆಲಸ. ಆದರೆ ಆ ನೀರಿನ ಹಬೆ ಕುಡಿದವರು ಅವರು, ನಾನಲ್ಲ. ಪೊರಕೆ ತಂದು ಅಂಗಳಕ್ಕೆ ನೀರು ಬಿಟ್ಟರು. ನಾನು ಚಪ್ಪಲಿ ಎತ್ತಿ ಪಕ್ಕಕ್ಕಿಟ್ಟು, ಕಟ್ಟೆಯ ಮೇಲೆ ಕೂತೆ.