ಅತ್ತೆ ಕಾವು ಕೊಟ್ಟ ಬಾತುಮರಿಗಳು

ಕಳೆದ ವಾರ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಆಟೋಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಸ್ಕೂಟರಿನ ಹಿಂದೆ ತೂತು ಹೊಡೆದ ರಟ್ಟಿನ ಡಬ್ಬಿ ಕಟ್ಟಿತ್ತು. ಒಳಗಿಂದ ಚಿಂವ್ ಚಿಂವ್ ಎಂಬ ಸದ್ದು. ಖಾಲಿ ಬಂದ ಎರಡು ಆಟೋಗಳನ್ನು ಬಿಟ್ಟು ನಾನು ಆ ಸದ್ದು ಕೇಳುತ್ತ ನಿಂತೆ ಎಂದರೆ ನೀವು ನಗಬಹುದು. ಈರುಳ್ಳಿಯನ್ನೂ ಒಳಗೆ ತರದ ಮನೆಯ ಸೊಸೆಗೆ ಕೋಳಿಮರಿಯ ಸದ್ದಿಗೆ ಕಣ್ಣು ತುಂಬುವುದೆಂದರೆ ಅದು ನಗುವ ವಿಷಯವೇ.

ಇಪ್ಪತ್ತು ವರ್ಷಗಳ ಹಿಂದೆ ನಾನು ಕಮಲಾಪುರದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಗಂಡನಿಗೆ ನಂದೂರಿನ ಬೇಳೆ ಗಿರಣಿಯಲ್ಲಿ ಕೆಲಸ. ಭಾನುವಾರ ಮಾತ್ರ ಬರುತ್ತಿದ್ದರು. ಉಳಿದ ಆರು ದಿನ ಬಾಡಿಗೆ ಮನೆಯಲ್ಲಿ ನಾನು ಮತ್ತು ಅತ್ತೆ. ಬಸ್ಸಿನಲ್ಲಿ ಪಕ್ಕದವರ ಸೆರಗು ತಾಗಿದರೂ ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುವಷ್ಟು ಅವರ ಮಡಿ. ಪ್ರೀತಿ ಬಂದರೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮರಾಠಿಯಲ್ಲಿ. ಒಂದೇ ವರ್ಷದಲ್ಲಿ ನನಗೆ ಮರಾಠಿ ಚೆನ್ನಾಗಿ ಬಂದುಬಿಟ್ಟಿತು.

ನಮ್ಮ ಹಿತ್ತಲಿಗೂ ಪಕ್ಕದ ಖೈರುನ್‌ಬಿಯ ಹಿತ್ತಲಿಗೂ ನಡುವೆ ಮೊಣಕಾಲೆತ್ತರದ ಕಲ್ಲುಗೋಡೆ. ಆಕೆಯ ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಆಕೆ ಕೋಳಿ ಸಾಕುತ್ತಿದ್ದಳು. ನಾನು ಆಕೆಯನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎನ್ನುತ್ತಿದ್ದೆ; ಆಕೆ ಅತ್ತೆಯನ್ನು ಬಾಯಿ ಎಂದೂ ನನ್ನನ್ನು ಟೀಚರ್ ಎಂದೂ ಕರೆಯುತ್ತಿದ್ದಳು. ಆ ಚಳಿಗಾಲದಲ್ಲಿ ಆಪಾ ಭೀಮಾ ದಂಡೆಯ ತನ್ನ ತವರಿನಿಂದ ಐದು ಬಾತಿನ ತತ್ತಿ ತಂದು ಕಾವಿಗೆ ಕೂತ ಕಂದು ಕೋಳಿಯ ಕೆಳಗಿಟ್ಟಳು. ವಾರ ಕಳೆದ ಮೇಲೆ ನಾಲ್ಕು ಕೋಳಿ ತತ್ತಿ ಸೇರಿಸಿದಳು. ಬಾತಿಗೆ ಇಪ್ಪತ್ತೆಂಟು ದಿನ ಬೇಕು, ಕೋಳಿಗೆ ಇಪ್ಪತ್ತೊಂದು; ಎಲ್ಲ ಒಟ್ಟಿಗೆ ಹೊರಬರಲಿ ಎಂಬ ಲೆಕ್ಕ. ಹಲಗೆಯ ಮೇಲೆ ಮೊಟ್ಟೆಯ ಚಿತ್ರ ಬರೆದು ಭಾಗಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ನನಗೆ ಈ ಲೆಕ್ಕ ಗೊತ್ತೇ ಇರಲಿಲ್ಲ.

ಇನ್ನು ಎಂಟು ದಿನ ಇದೆ ಎನ್ನುವಾಗ, ಒಂದು ಬೆಳಿಗ್ಗೆ, ನಾಯಿ ಆ ಕೋಳಿಯನ್ನು ಹಿಡಿಯಿತು. ಆಪಾ ಪುಕ್ಕಗಳ ನಡುವೆ ಕೂತು ತತ್ತಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಳುತ್ತಿದ್ದಳು. ತುಳಸಿಗೆ ನೀರು ಹಾಕುತ್ತಿದ್ದ ಅತ್ತೆ ಗೋಡೆಯ ಹತ್ತಿರ ಹೋದರು.

"ಇನ್ನೊಂದು ಕೋಳಿ ಇಲ್ಲೇನು?"

"ಕಾವಿಗಿ ಕೂತದ್ದು ಇದೊಂದೇ ಇತ್ರಿ ಬಾಯಿ. ಬಲ್ಬ್ ಹಚ್ಚಿಡಬೇಕಂದ್ರ ನಮ್ ಮನ್ಯಾಗ ಕರೆಂಟಿಲ್ಲ. ಒಳಗ ಜೀವ ಹೊರಳಾಡಾಕತ್ತಾವ. ಎಲ್ಲಾ ಹೋದ್ವು ನೋಡ್ರಿ."

ಅತ್ತೆ ಕೈಯಲ್ಲಿದ್ದ ತಂಬಿಗೆಯನ್ನು ಗೋಡೆಯ ಮೇಲಿಟ್ಟರು. "ತಣ್ಣಗಾಗೋದ್ರಾಗ ತಗೊಂಡು ಬಾ. ನಮ್ಮ ಪಡಸಾಲ್ಯಾಗ ಇಡು."

ನಾನು ಶಾಲೆಗೆ ಹೊರಟವಳು ಬಾಗಿಲಲ್ಲೇ ನಿಂತುಬಿಟ್ಟೆ.

ದೇವರ ಕೋಣೆಯಿಂದ ಆದಷ್ಟು ದೂರದ ಮೂಲೆಯಲ್ಲಿ ಬುಟ್ಟಿ, ಅದರಲ್ಲಿ ಆಪಾಳ ಗಂಡ ಹಿಂಜಿ ಕೊಟ್ಟ ಹತ್ತಿ, ಮೇಲೊಂದು ಬಲ್ಬು, ಪಕ್ಕದಲ್ಲಿ ಬಟ್ಟಲು ನೀರು. ದಿನಕ್ಕೆ ಮೂರು ಸಲ ತತ್ತಿ ಹೊರಳಿಸಬೇಕಿತ್ತು. ಯಾವ ಮಗ್ಗುಲು ಮೇಲಿದೆ ಎಂದು ತಿಳಿಯಲು ಆಪಾ ಇದ್ದಿಲಿನಿಂದ ಹಾಕಿದ್ದ ಗುರುತು ಅಳಿಸುತ್ತದೆಂದು ಅತ್ತೆ ನನ್ನ ಕುಂಕುಮದ ಭರಣಿ ಕೇಳಿ ಒಂದೊಂದಕ್ಕೂ ಬೊಟ್ಟಿಟ್ಟರು. ಮೊದಲ ದಿನ ಮೂರು ಸಲ ಹೊರಳಿಸಿ ಮೂರು ಸಲ ಸ್ನಾನ ಮಾಡಿದರು. ಮರುದಿನ ಕೈಕಾಲು ತೊಳೆದರು. ಮೂರನೆಯ ದಿನ ಕೈ ಸೆರಗಿಗೆ ಒರೆಸಿಕೊಂಡು ಹಿಟ್ಟು ನಾದಲು ಕೂತರು. ನಾನು ನೋಡಿಯೂ ನೋಡದಂತೆ ಪುಸ್ತಕ ತೆರೆದೆ. ಭಾನುವಾರ ಬಂದ ನನ್ನ ಗಂಡ ಬುಟ್ಟಿ ಕಂಡು, "ಅಮ್ಮಾ, ಏನಿದು!" ಎಂದರೆ, "ಗದ್ದಲ ಮಾಡಬ್ಯಾಡ, ಅವಕ್ಕ ಕೇಳಸ್ತದ" ಎಂದರು.

ನಿಜಕ್ಕೂ ಕೇಳಿಸುತ್ತಿತ್ತು. ಕೊನೆಯ ಎರಡು ದಿನ ತತ್ತಿಯ ಒಳಗಿನಿಂದಲೇ ಸಣ್ಣ ಸದ್ದು. ಅತ್ತೆ ಕಿವಿಗೆ ಹಿಡಿದು ಕೇಳುವರು, ನನಗೂ ಹಿಡಿಯುವರು. ಮಕ್ಕಳಿಗೆ ನೂರು ಸಲ ಹೇಳಿಕೊಟ್ಟ ಪಾಠ ನನ್ನ ಕಿವಿಯ ಹತ್ತಿರ ಉಸಿರಾಡುತ್ತಿತ್ತು.

ಮೂರು ಕೋಳಿಮರಿ, ನಾಲ್ಕು ಬಾತುಮರಿ ಹೊರಬಂದವು. ಒಂದು ಕೋಳಿ ತತ್ತಿ ಕೆಟ್ಟಿತ್ತು. ಐದನೆಯ ಬಾತು ಮಾತ್ರ ಚಿಪ್ಪಿಗೆ ಜೋಳದಷ್ಟು ತೂತು ಮಾಡಿ ಅಲ್ಲೇ ನಿಂತಿತು. ಸಂಜೆಯವರೆಗೂ ಅದು ಕೂಗುತ್ತಲೇ ಇತ್ತು.

"ಕೈ ಹಚ್ಚಬ್ಯಾಡ್ರಿ ಬಾಯಿ," ಎಂದು ಆಪಾ ಎರಡು ಸಲ ಹೇಳಿದಳು. "ಅದರ ನೆತ್ತರ ಇನ್ನಾ ಚಿಪ್ಪಿಗಿ ಅಂಟಿರ್ತದ. ತಾನಾ ಬರಬೇಕು."

ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅತ್ತೆ ಪಡಸಾಲೆಯ ನೆಲದ ಮೇಲೆ ಕೂತಿದ್ದರು. ಅಂಗೈಯಲ್ಲಿ ಒದ್ದೆಯಾದ ಮರಿ, ಬೆರಳುಗಳಿಗೆ ಕೆಂಪು.

"ಕರೀಲಿಕ್ಕತ್ತಿತ್ತು ಅದು," ಎಂದರು. "ಕೇಳ್ಕೋತ ಸುಮ್ಮನ ಕೂಡಲಿಕ್ಕ ನನ್ನ ಕೈಲೆ ಆಗ್ಲಿಲ್ಲ."

ಚಿಪ್ಪು ಬಿಡಿಸಿದ್ದರು. ಮರಿ ಇನ್ನೊಂದು ಗಂಟೆ ಬದುಕಿತ್ತು. ಅತ್ತೆ ಹಿತ್ತಲಿನ ಕೆಂಪು ಬಾಳೆಯ ಬುಡದಲ್ಲಿ ತಾವೇ ಅಗೆದು ಹೂಳಿದರು. ಆ ದಿನ ಸ್ನಾನ ಮಾಡಲಿಲ್ಲ, ಉಣ್ಣಲೂ ಇಲ್ಲ. ಮರುದಿನ ಗೋಡೆಯ ಹತ್ತಿರ ಆಪಾಳ ಜೊತೆ ಏನೋ ಮಾತಾಡಿ ಬಂದು, ತಟ್ಟೆ ಹಾಕು ಎಂದರು. ಏನು ಮಾತು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಉಳಿದ ಏಳು ಮರಿಗಳು ಅತ್ತೆಯನ್ನೇ ತಾಯಿ ಎಂದುಕೊಂಡವು. ಅವರು ಬಾವಿಗೆ ಹೋದರೆ ಸಾಲಾಗಿ ಹಿಂದೆ, ತುಳಸಿ ಸುತ್ತಿದರೆ ಅವೂ ಪ್ರದಕ್ಷಿಣೆ. ಒಂದು ದಿನ ಬಾತುಗಳು ಮಡಿನೀರಿನ ಕೊಳಗದಲ್ಲೇ ಈಜಿದವು. ಅತ್ತೆ ಮರಾಠಿಯಲ್ಲಿ ಬಯ್ದು, ಆ ಕೊಳಗವನ್ನು ಅವಕ್ಕೇ ಬಿಟ್ಟುಕೊಟ್ಟರು. ಎರಡು ಕೋಳಿಮರಿಗಳನ್ನು ಹದ್ದು ಒಯ್ದಿತು. ಬೇಸಿಗೆ ಏರುವ ಮೊದಲು ಬಾತುಗಳನ್ನು ಆಪಾ ಭೀಮಾ ದಂಡೆಗೆ ಕಳಿಸಿದಳು. ಬುಟ್ಟಿ ಬಸ್ಸು ಹತ್ತಿದಾಗ ಅತ್ತೆ ಹೊರಗೆ ಬರಲಿಲ್ಲ. ಮುಂದೆ ನನಗೆ ಕಲಬುರಗಿಗೆ ವರ್ಗವಾಯಿತು. ಅತ್ತೆ ತೀರಿಕೊಂಡು ಈಗ ಆರು ವರ್ಷ.

ಸ್ಕೂಟರಿನ ಡಬ್ಬಿಯ ಆ ಸದ್ದು ಕೇಳಿದ ಮರುದಿನವೇ ನಾನು ಕಮಲಾಪುರದ ಬಸ್ಸು ಹತ್ತಿದೆ. ಆಪಾಳ ಕೂದಲು ಪೂರ್ತಿ ಬೆಳ್ಳಗಾಗಿದೆ. ಮೊಣಕಾಲು ನೋವೆಂದು ಹಗ್ಗದ ಮಂಚದ ಮೇಲೆ ಕೂತಿದ್ದಳು. ನನ್ನ ಕೈ ಹಿಡಿದುಕೊಂಡು ಅತ್ತೆಯ ವಿಷಯವನ್ನೇ ತೆಗೆದಳು.

"ಒಂದು ಮಾತು ನನ್ ಎದ್ಯಾಗ ಕೂತದ ಟೀಚರ್. ಮರಿ ಸತ್ತ ಮರುದಿನ ಬಾಯಿ ಕೇಳಿದ್ರು, 'ನಾ ಮುಟ್ಟದಿದ್ರ ಅದು ಬದುಕ್ತಿತ್ತೇನು ಖೈರುನ್?' ಅಂತ. 'ಇಲ್ರಿ, ಅದು ಹುಟ್ಟುತ್ಲೇ ಸೊಟ್ಟ ಇತ್ತು' ಅಂದೆ. ಝೂಟ್ ಹೇಳ್ದೆ. ಇನ್ನೊಂದು ದಿನ ಬಿಟ್ಟಿದ್ರ ಬರ್ತಿತ್ತು. ಅಂಥಾ ದೊಡ್ಡ ಮನುಷ್ಯಾಳಿಗಿ ಮೋಸ ಮಾಡ್ದೆ ಅಂತ ಇವತ್ತಿಗೂ ಅನಸ್ತದ."

ಆಗ ನನಗೆ ಅರ್ಥವಾಯಿತು. ಕೊನೆಯ ದಿನಗಳಲ್ಲಿ ಅತ್ತೆ ಹಾಸಿಗೆ ಹಿಡಿದಾಗ ಒಮ್ಮೆ ಇದ್ದಕ್ಕಿದ್ದಂತೆ, "ಖೈರುನ್ ನನ್ನ ಸಲುವಾಗಿ ಸುಳ್ಳು ಹೇಳಿದ್ಳು. ಸ್ವಂತ ತಂಗಿನೂ ಹಂಗ ಹೇಳ್ತಿದ್ದಿಲ್ಲ" ಎಂದಿದ್ದರು. ಜ್ವರದ ಮಾತು ಎಂದುಕೊಂಡು ನಾನು ಹೊದಿಕೆ ಸರಿಮಾಡಿದ್ದೆ.

"ಅತ್ತೆಗೆ ಗೊತ್ತಿತ್ತು ಆಪಾ," ಎಂದೆ. ಅವರ ಮಾತನ್ನು ಅವರು ಹೇಳಿದಂತೆಯೇ ಹೇಳಿದೆ.

"ಗೊತ್ತಿತ್ತೇನ್ರಿ?" ಎಂದು ಆಪಾ ಕೇಳಿದಳು. "ತಂಗಿ ಅಂದ್ರೇನ್ರಿ?" ನಾನು ಇನ್ನೊಮ್ಮೆ ಹೇಳಿದೆ. ಆಕೆ ಮುಖಕ್ಕೆ ಸೆರಗು ಒತ್ತಿಕೊಂಡಳು. ನಾನು ವಾಪಸ್ಸು ಹೋಗಬೇಕಿದ್ದ ನಾಲ್ಕರ ಬಸ್ಸು ಹಾರನ್ ಹಾಕುತ್ತ ಹೋಯಿತು. ನಾನು ಚಪ್ಪಲಿ ಬಿಟ್ಟು ಆಕೆಯ ಪಕ್ಕ ಮಂಚದ ಮೇಲೆ ಕಾಲು ಮಡಚಿ ಕೂತೆ.