ರಜೆಯ ದಿನದ ಸಹಿ

ಮೊನ್ನೆ ಮಧ್ಯಾಹ್ನ ಆಪರೇಷನ್ ಮುಗಿಸಿ ಬಂದು ಥಿಯೇಟರಿನ ಹಸಿರು ಅಂಗಿ ಕಳಚುವಾಗ ತೋಳಿಗೆ ಒಂದು ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಕೊಂಡಿತ್ತು. ಬೆರಳುದ್ದದ್ದು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಔಷಧದ ಹೆಸರು. ಅಕ್ಷರ ನನ್ನದಲ್ಲ, ಬೆಳಿಗ್ಗೆ ನನ್ನ ಜೊತೆ ನಿಂತಿದ್ದ ಪಿಜಿ ಹುಡುಗಿಯದು. ಕಿತ್ತು ಮೂಗಿನ ಹತ್ತಿರ ಹಿಡಿದೆ. ಅದೇ ವಾಸನೆ... ರಬ್ಬರು, ಸ್ಪಿರಿಟ್ಟು, ಸ್ವಲ್ಪ ಬೆವರು. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಹದಿನೈದು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನಾನೂ ಅರಿವಳಿಕೆಯ ಪಿಜಿ ಆಗಿದ್ದೆ. ಪಿಜಿ ಅಂದರೆ ಡಾಕ್ಟರೂ ಹೌದು, ವಿದ್ಯಾರ್ಥಿಯೂ ಹೌದು. ದುಡಿಯುವಾಗ ಡಾಕ್ಟರು, ಬೈಸಿಕೊಳ್ಳುವಾಗ ವಿದ್ಯಾರ್ಥಿ. ನಮ್ಮಂಥ ಹನ್ನೊಂದು ಜನರ ಪರವಾಗಿ ಮೇಲಿನವರ ಹತ್ತಿರ ಮಾತಾಡಲು ಒಬ್ಬ ಪ್ರತಿನಿಧಿ ಇರಬೇಕಿತ್ತು. ಆ ಕೆಲಸ ಯಾರಿಗೂ ಬೇಡ. ನನಗಿಂತ ಒಂದು ವರ್ಷ ಮುಂದಿದ್ದ ಒಬ್ಬಾಕೆ ಅದನ್ನು ಹೊತ್ತುಕೊಂಡಿದ್ದಳು. ನಾವೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಅಕ್ಕಾ ಎಂದೇ, ಇಲ್ಲಿಯೂ ಅಷ್ಟೇ ಸಾಕು.

ಗೋಪನಕೊಪ್ಪದಲ್ಲಿ ಆಕೆಯ ತಂದೆಯ ಗ್ಯಾರೇಜಿತ್ತು. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಏನು ಬಂದರೂ ರಿಪೇರಿ. "ನಮ್ಮ ಅಬ್ಬಾ ಬಾನೆಟ್ ತಗಿಯೂದಕ್ಕಿಂತ ಮೊದಲ ಸಪ್ಪಳ ಕೇಳ್ತಾರ. ನಾವೂ ಹಂಗ ಮಾಡಬೇಕು," ಅನ್ನುತ್ತಿದ್ದಳು. ಅದಕ್ಕೇ ಆಕೆಯದೊಂದು ಪದ್ಧತಿ. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ ರೋಗಿ ಎಚ್ಚರವಾಗಿರುತ್ತಾನಲ್ಲ, ಅವನನ್ನು ಮಾತಾಡಿಸುತ್ತಲೇ ಇರಬೇಕು. ರೈತನಿದ್ದರೆ ಈ ಸಲ ಏನು ಬಿತ್ತಿದ್ದೀರಿ ಎಂದು ಕೇಳು, ಅಂಗಡಿಯವನಿದ್ದರೆ ವ್ಯಾಪಾರ ಕೇಳು. "ಅವರ ಮಾತು ನಿಂತ್ರ ಮಾನಿಟರ್‌ಕಿಂತ ಮೊದಲ ನಿನಗ ಗೊತ್ತಾಗಬೇಕು." ನಾನು ಒಳಗೊಳಗೇ ನಗುತ್ತಿದ್ದೆ. ಅರಿವಳಿಕೆ ಕಲಿಯಲು ಬಂದು ಹರಟೆ ಕಲಿತಂತಾಯಿತು ಎಂದು.

ಆಗಿನ ನಮ್ಮ ದೊಡ್ಡ ಗೋಳು ನಿದ್ದೆ. ಒಂದು ಹಗಲು ಒಂದು ರಾತ್ರಿ ಡ್ಯೂಟಿ ಮಾಡಿದವನು ಮರುದಿನವೂ ಸಂಜೆಯವರೆಗೆ ಥಿಯೇಟರಿನಲ್ಲಿ ನಿಲ್ಲಬೇಕಿತ್ತು. ಅಕ್ಕ ಮೂರು ತಿಂಗಳು ವಿಭಾಗದ ಮುಖ್ಯಸ್ಥರ ಬಾಗಿಲು ಕಾಯ್ದು, ಮರುದಿನ ರಜೆ ಎಂಬ ನಿಯಮ ಬರೆಸಿಕೊಂಡು ಬಂದಳು. ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಿದಳು. ಆದರೆ ನಿಯಮ ಬಂತೇ ಹೊರತು ಜನ ಬರಲಿಲ್ಲ. ರಜೆಯವನು ಮನೆಗೆ ಹೋದರೆ ಆಪರೇಷನ್ ನಿಲ್ಲುತ್ತಿತ್ತು. ಮುಖ್ಯಸ್ಥರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವಂಥ ಒಂದು ದಾರಿ ಹುಡುಕಿದರು. ಹಾಜರಿ ಪುಸ್ತಕದಲ್ಲಿ ರಜೆ ಎಂದು ಸಹಿ ಮಾಡಿ, ಆಮೇಲೆ ಥಿಯೇಟರಿಗೆ ಬನ್ನಿ!

ಅಕ್ಕ ಅದಕ್ಕೆ ಒಪ್ಪಿದಳು. ತಾನೇ ಪುಸ್ತಕ ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರ ಬಂದು ಸಹಿ ಮಾಡಿಸಿದಳು. "ಮೊದಲ ಹಾಳಿ ಮ್ಯಾಲ ಬರ್ಲಿ. ಆಮ್ಯಾಲ ಖರೇ ಮಾಡೋಣು." ಆಕೆ ಮಾಡಿದ ತಪ್ಪು ಅದೊಂದೇ. ನಾವೆಲ್ಲ ಹಲ್ಲು ಕಿಸಿದು ಸಹಿ ಹಾಕಿದೆವು.

ಅಂಥ ಒಂದು ರಜೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕಾಲು ಮುರಿದುಕೊಂಡು ಬಂದಿದ್ದ, ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದ ಉಪ್ಪಿನಬೆಟಗೇರಿಯ ಮುದುಕರೊಬ್ಬರ ತಲೆಯ ಹತ್ತಿರ ನಾನು ನಿಂತಿದ್ದೆ. ಕಣ್ಣು ಮುಚ್ಚಿದರೆ ನಿಂತಲ್ಲೇ ಬೀಳುವ ಸ್ಥಿತಿ. ನಮ್ಮಲ್ಲಿ ಒಂದು ರೂಢಿಯಿತ್ತು. ಬೆಳಿಗ್ಗೆಯೇ ಪ್ಲಾಸ್ಟರ್ ಪಟ್ಟಿಗಳ ಮೇಲೆ ಔಷಧಗಳ ಹೆಸರು ಬರೆದು, ತೋಳಿಗೆ ಸಾಲಾಗಿ ಅಂಟಿಸಿಕೊಂಡು, ಸಿರಿಂಜ್ ತುಂಬಿದ ಹಾಗೆಲ್ಲ ಒಂದೊಂದನ್ನೇ ಕಿತ್ತು ಅದಕ್ಕೆ ಹಚ್ಚುವುದು. ಸಮಯ ಉಳಿಯುತ್ತಿತ್ತು. ಅವತ್ತು ನಾನು ಎರಡು ಸಿರಿಂಜಿಗೆ ಪಟ್ಟಿ ಅದಲುಬದಲು ಹಚ್ಚಿದ್ದೆ. ಎರಡೂ ಒಂದೇ ಅಳತೆ, ಎರಡರಲ್ಲೂ ನೀರಿನಂಥ ಔಷಧ. ಒಂದು ವಾಂತಿ ನಿಲ್ಲಿಸುವಂಥದ್ದು. ಇನ್ನೊಂದು, ಪೂರ್ತಿ ಅರಿವಳಿಕೆ ಬೇಕಾದರೆ ಇರಲಿ ಎಂದು ತುಂಬಿಟ್ಟಿದ್ದು, ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡಿ ಉಸಿರನ್ನೇ ನಿಲ್ಲಿಸುವಂಥದ್ದು.

ಮುದುಕರು ಹೊಟ್ಟೆ ತೊಳಸುತ್ತದೆ ಎಂದರು. ನಾನು ವಾಂತಿಯ ಔಷಧವೆಂದು ಕೊಟ್ಟೆ. ಕೊಟ್ಟು, ಅಕ್ಕ ಹೇಳಿಕೊಟ್ಟಂತೆ ಕೇಳಿದೆ, "ಏನ ಬಿತ್ತೀರಿ ಕಾಕಾ ಈ ಸಲ?"

"ಸೋಯಾ ಬಿತ್ತೇನ್ರಿ ಸಾಹೇಬ್ರ. ಅದನ್ನ ತಗದ ಮ್ಯಾಲ ಕಡ್ಲಿ ಹಾಕ..."

ಮಾತು ತೊದಲಿತು. ನಿಂತಿತು. ನಾನು ಇನ್ನೂ ಉತ್ತರಕ್ಕೆ ಕಾಯುತ್ತಿದ್ದೆ. ಅಕ್ಕ ಆಚೆಯ ಗೋಡೆಯ ಹತ್ತಿರ ಯಾವುದೋ ಪೆಟ್ಟಿಗೆ ಬಿಚ್ಚುತ್ತಿದ್ದವಳು ತಿರುಗಿದಳು. "ಯಾಕ ಸುಮ್ಮನಾದ್ರು?" ಅಂದಳು. ಅಷ್ಟರಲ್ಲಿ ಮುದುಕರ ರೆಪ್ಪೆ ಜೋತುಬಿದ್ದಿತ್ತು, ಎದೆ ಏಳುತ್ತಿರಲಿಲ್ಲ. ಮಾನಿಟರ್ ಆಮೇಲೆ ಕೂಗಿಕೊಂಡಿತು. ನಾನು ಸಿರಿಂಜ್ ಹಿಡಿದು ನಿಂತೇ ಇದ್ದೆ. ಅಕ್ಕ ನನ್ನನ್ನು ಭುಜದಿಂದ ತಳ್ಳಿ, ಮುಖಕ್ಕೆ ಮಾಸ್ಕ್ ಹಿಡಿದು, ಉಸಿರು ತುಂಬುವ ಬ್ಯಾಗ್ ಒತ್ತತೊಡಗಿದಳು. ಒತ್ತುತ್ತಲೇ ಬಗ್ಗಿ ಅವರ ಕಿವಿಯಲ್ಲಿ ಹೇಳಿದಳು, "ಕಾಕಾ, ನೀವು ಕೇಳಾಕತ್ತೀರಿ, ನನಗ ಗೊತ್ತದ. ಹೆದರಬ್ಯಾಡ್ರಿ. ನಿಮ್ಮ ಉಸಿರು ನಾ ಹಾಕಾಕತ್ತೇನಿ." ಆಮೇಲೆ ನಿದ್ದೆಯ ಔಷಧ ಕೊಡಿಸಿದಳು. ಆ ಒಂದೆರಡು ನಿಮಿಷ ಆ ಮನುಷ್ಯ ಪೂರ್ತಿ ಎಚ್ಚರವಿದ್ದು, ಉಸಿರಾಡಲಾಗದೆ, ಕೂಗಲಾಗದೆ ಮಲಗಿದ್ದರು.

ಅವರು ಬದುಕಿದರು. ಸಂಜೆ ಅಕ್ಕ ಅವರ ಮಂಚದ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ, ತಪ್ಪು ಔಷಧ ಹೋಯಿತು ಎಂದು ನಾನೇ ಹೇಳುವಂತೆ ಮಾಡಿದಳು. ಮುದುಕರು ನನ್ನ ಕಡೆ ನೋಡಲಿಲ್ಲ. "ಎಲ್ಲಾ ಕೇಳಾಕತ್ತಿದ್ನವಾ," ಎಂದು ಅಕ್ಕನಿಗೆ ಹೇಳಿದರು. "ನೀ ಹಂಗ ಅಂದಿದ್ದಕ್ಕ ಧೈರ್ಯ ಬಂತು."

ಮೂರನೆಯ ದಿನ ನಮ್ಮೆಲ್ಲರ ಸಭೆ ಕರೆದರು. ನನ್ನನ್ನು ಕೋರ್ಸಿನಿಂದಲೇ ತೆಗೆಯುವ ಮಾತು ಅಷ್ಟರಲ್ಲಾಗಲೇ ಕ್ಯಾಂಟೀನಿನವರೆಗೂ ಬಂದಿತ್ತು. ಮುಖ್ಯಸ್ಥರು ಹಾಜರಿ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು.

"ಈ ಸಹಿ ನಿಂದ ಹೌದಲ್ಲೊ?"

"ಹೌದ್ರಿ ಸರ್."

"ರಜಾ ಇದ್ದಾವ ಥಿಯೇಟರಿಗೆ ಯಾಕ ಬಂದಿ? ಯಾರು ಕರದ್ರು ನಿನ್ನ?"

ಕರೆದವರು ಅವರೇ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಕಾಗದದ ಪ್ರಕಾರ ನಾನು ಮನೆಯಲ್ಲಿ ಮಲಗಿದ್ದೆ. ಯಾರೂ ಕರೆಯದೆ ಬಂದು, ಯಾರದೋ ರೋಗಿಯ ಉಸಿರು ನಿಲ್ಲಿಸಿದ್ದೆ.

ಅಕ್ಕ ಎದ್ದು ನಿಂತಳು. "ಈ ಪುಸ್ತಕ ಸುಳ್ಳದರಿ ಸರ್. ಅವತ್ತಿಗೆ ಅಂವ ನಿದ್ದಿಗೆಟ್ಟು ಮೂವತ್ತು ತಾಸ ಆಗಿತ್ತು. ರಜಾ ಅಂತ ಬರದು ನಾವೆಲ್ಲಾ ಕೆಲಸಾ ಮಾಡ್ತೇವಿ. ಸಹಿ ಮಾಡಿಸಿದಾಕಿ ನಾನ."

ಮುಖ್ಯಸ್ಥರು ಪುಸ್ತಕ ಮುಚ್ಚಿದರು. ಆಮೇಲೆ ತಲೆ ಎತ್ತಿ, ಬಹಳ ಮೆತ್ತಗೆ ಕೇಳಿದರು. "ಇದನ್ನ ಹೌದು ಅನ್ನವರು ಬ್ಯಾರೆ ಯಾರರೆ ಇದ್ರ ಕೈ ಎತ್ರಿ."

ಫ್ಯಾನು ತಿರುಗುತ್ತಿತ್ತು. ಹತ್ತು ಜನರ ಇಪ್ಪತ್ತು ಕೈ, ಒಂದೂ ಏಳಲಿಲ್ಲ. ನನ್ನವು ತೊಡೆಯ ಮೇಲಿದ್ದವು. ಎತ್ತಬೇಕು ಎಂದುಕೊಂಡೆ, ಖರೇ ಹೇಳುತ್ತೇನೆ, ಎತ್ತಬೇಕು ಎಂದೇ ಅಂದುಕೊಂಡೆ... ಬಲಗೈಯನ್ನು ಎಡಗೈ ಹಿಡಿದುಕೊಂಡಿತ್ತು.

ನನ್ನನ್ನು ಬುದ್ಧಿ ಹೇಳಿ ಬಿಟ್ಟರು. ಸುಳ್ಳು ಸಹಿ ಮಾಡಿಸಿದ್ದಕ್ಕೆ ಅಕ್ಕನನ್ನು ಆ ಸಲದ ಪರೀಕ್ಷೆಗೆ ಕೂರಿಸಲಿಲ್ಲ. ಆರು ತಿಂಗಳು ಹೋಯಿತು, ಪಾಸಾದ ಮೇಲೆ ಸೇರಲು ಗೊತ್ತಾಗಿದ್ದ ಕೆಲಸವೂ ಹೋಯಿತು. ಮರುತಿಂಗಳಿಂದ, ಗದ್ದಲ ಬೇಡವೆಂದೋ ಏನೋ, ನಮಗೆ ಖರೇ ರಜೆ ಸಿಗತೊಡಗಿತು. ನಾವು ಹೊದ್ದು ಮಲಗಿದೆವು. ಹನ್ನೊಂದು ಜನರ ಪರವಾಗಿ ಮಾತಾಡಿದವಳ ಪರವಾಗಿ ಮಾತಾಡಲು ಒಬ್ಬರೂ ಇರಲಿಲ್ಲ. ನಾಚಿಕೆಗೇಡು, ಬೇರೆ ಮಾತಿಲ್ಲ.

ವಾರದ ಮೇಲೆ ಕ್ಯಾಂಟೀನಿನಲ್ಲಿ ಸಿಕ್ಕಳು. ನಾನು ಕ್ಷಮೆ ಕೇಳಲೆಂದು ಹೋದವನು ಚಹಾ ತರಲೇ ಎಂದು ಕೇಳಿದೆ. ಆಕೆಗೆ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು.

"ಔಷಧದ್ದು ಬಿಡು. ಅದು ನಿದ್ದಿಗೆಟ್ಟು ಆದ ತಪ್ಪು," ಅಂದಳು. "ಒಂದ ಕೈ ಎತ್ತಬೇಕಿತ್ತೋ ತಮ್ಮಾ. ಒಂದ."

ಚಹಾ ಕುಡಿಯದೆ ಎದ್ದು ಹೋದಳು. ಆಮೇಲೆ ಪರೀಕ್ಷೆ ಪಾಸಾದಳು, ಬೇರೆ ಊರಿಗೆ ಹೋದಳು ಎಂದು ಕೇಳಿದೆ. ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಇಟ್ಟಿದ್ದೇನೆ. ಹೋದ ವರ್ಷ, ಜಡ್ಡು ಬಿದ್ದು ತೀರಿಕೊಂಡಳೆಂಬ ಸುದ್ದಿ ನಮ್ಮ ಹಳೆಯ ಪಿಜಿಗಳ ಗ್ರೂಪಿಗೆ ಬಂತು. ಹತ್ತು ಜನರೂ ಕೈ ಮುಗಿದ ಚಿತ್ರ ಕಳಿಸಿದೆವು. ಆಗ ಮಾತ್ರ ಎಲ್ಲರ ಕೈ ಮೇಲೆ ಬಂದಿತ್ತು.

ಬೆಂಚಿನಿಂದ ಎದ್ದು ನನ್ನ ಕೋಣೆಗೆ ಹೋದೆ. ಈಗ ಪಿಜಿಗಳ ಹಾಜರಿ ನೋಡುವವನು ನಾನು. ತಿಂಗಳ ಪುಸ್ತಕ ಮೇಜಿನ ಮೇಲಿತ್ತು, ಪ್ರತಿ ತಿಂಗಳಂತೆ ನನ್ನ ಸಹಿಗೆ. ತೆರೆದೆ. ಅವತ್ತಿನ ತಾರೀಖಿನಲ್ಲಿ ಆ ಹುಡುಗಿಯ ಹೆಸರಿನ ಮುಂದೆ ರಜೆ ಎಂದಿತ್ತು, ಕೆಳಗೆ ಅವಳ ಸಹಿ. ಅವಳು ಬರೆದ ಪಟ್ಟಿ ಇನ್ನೂ ನನ್ನ ಬೆರಳಿಗೆ ಅಂಟಿಕೊಂಡಿತ್ತು. ಮೊದಲ ಸಲ ನೋಡಿದೆನೇ? ಸುಳ್ಳು ಹೇಳಲಾರೆ. ಎಷ್ಟೋ ತಿಂಗಳಿಂದ ನೋಡಿಯೂ ಸಹಿ ಹಾಕಿದ್ದೇನೆ.

ಹುಡುಗಿಯನ್ನು ಕರೆಸಿದೆ. ಅವಳ ಎದುರಿಗೇ ರಜೆ ಎಂಬುದನ್ನು ಹೊಡೆದುಹಾಕಿ, ಥಿಯೇಟರಿನಲ್ಲಿ ನನ್ನ ಜೊತೆ ಕೆಲಸದಲ್ಲಿದ್ದಳು ಎಂದು ಬರೆದೆ. ಹಿಂದಿನ ಪುಟಗಳಲ್ಲಿ ನನಗೆ ನೆನಪಿದ್ದಷ್ಟನ್ನೂ ತಿದ್ದಿ, ಪ್ರತಿಯೊಂದರ ಕೆಳಗೂ ನನ್ನ ಹೆಸರು ಬರೆದು ಸಹಿ ಮಾಡಿದೆ. ಅವಳ ಮುಖ ಸಣ್ಣದಾಯಿತು.

"ಸರ್, ಇದರಿಂದ ತ್ರಾಸ ಆಗಂಗಿಲ್ಲಲ್ರಿ?"

"ಆಗ್ತದವಾ," ಅಂದೆ. "ನನಗ. ನೀ ಮನಿಗೆ ಹೋಗಿ ಮಲ್ಕೋ."

ಅವಳು ಹೋದ ಮೇಲೆ ಪುಸ್ತಕ ಹಿಡಿದು ಮೇಲಿನ ಆಫೀಸಿಗೆ ಹೊರಟೆ. ಮೆಟ್ಟಿಲ ಹತ್ತಿರ ನಿಂತು ಅಕ್ಕನಿಗೆ ಒಂದು ಮಾತು ಹೇಳಬೇಕೆನಿಸಿತು... ಕೈ ಎತ್ತಲು ನನಗೆ ಹದಿನೈದು ವರ್ಷ ಹಿಡಿಯಿತು. ಆ ಒಂದು ಕೈ ಎಣಿಸಬೇಕಾದವಳು ಇಲ್ಲ.