ಉದ್ದಪ್ಪನನ್ನು ತೆಗೆಯುವುದು ಹೇಗೆ

ಕಳೆದ ಗುರುವಾರ ಮಧ್ಯಾಹ್ನ ಸಿಂಗಾಪುರದ ಲಿಟಲ್ ಇಂಡಿಯಾದ ತರಕಾರಿ ಅಂಗಡಿಯೊಂದರಲ್ಲಿ ಹೀರೇಕಾಯಿ ಆರಿಸುತ್ತಿದ್ದೆ. ಆಫೀಸಿಗೆ ರಜೆ ಹಾಕಿ ಹೀರೇಕಾಯಿ ಆರಿಸುವ ಗಂಡಸಿನ ಬಗ್ಗೆ ನಿಮಗೆ ಏನನ್ನಿಸುತ್ತದೋ ಗೊತ್ತಿಲ್ಲ, ಅಂಗಡಿಯವನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಆಗ ಫೋನಿಗೊಂದು ಸಂದೇಶ ಬಂತು: ನಿಮ್ಮ ತಂಡ ಇನ್ನೂ ಪೂರ್ತಿಯಾಗಿಲ್ಲ, ಆರು ಜನ ಫಾರ್ವರ್ಡ್‌ಗಳನ್ನು ಆರಿಸಿ, ಇನ್ನು ಒಂದೂವರೆ ಗಂಟೆ ಮಾತ್ರ ಉಳಿದಿದೆ. ಪ್ರತಿ ಮಾರ್ಚ್‌ನಲ್ಲೂ ಇದು ಬರುತ್ತದೆ. ನಾನು ಆ ಆಟ ಬಿಟ್ಟು ಐದು ವರ್ಷವಾಯಿತು. ಆ್ಯಪ್ ಅಳಿಸಿ ಹಾಕುವುದಕ್ಕೆ ಒಂದು ಬೆರಳು ಸಾಕು, ಆದರೂ ಅಳಿಸಿಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ಆಸ್ಟ್ರೇಲಿಯಾದವರ ಫುಟ್‌ಬಾಲ್ ಬಗ್ಗೆ ಹೇಳಬೇಕು. ಸ್ವಲ್ಪ ಸಹಿಸಿಕೊಳ್ಳಿ, ನಾನೂ ಸಹಿಸಿಕೊಂಡವನೇ.

ಅದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಮೈದಾನ ಮೊಟ್ಟೆಯ ಆಕಾರದ್ದು, ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಆಕಾರದ್ದು. ಒಂದೊಂದು ಕಡೆಗೆ ಹದಿನೆಂಟು ಜನ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಹಿಡಿದವನನ್ನು ಹಿಡಿದು ಕೆಡವಬಹುದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದೊಳಗೆ ಒದ್ದರೆ ಗೋಲು, ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ. ತಪ್ಪಿದವನನ್ನೂ ಬರಿಗೈಯಲ್ಲಿ ಕಳಿಸದ ಆಟವನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೈಸೂರಿನವನಾದ ನಾನು ಇದರೊಳಗೆ ಬಿದ್ದದ್ದು ಹೊಟ್ಟೆಪಾಡಿಗೆ. ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವ ಆರು ಜನರ ತಂಡಕ್ಕೆ ನಾನು ಮ್ಯಾನೇಜರ್. ನಮ್ಮ ಮೇಲಿನವರೆಲ್ಲ ಮೆಲ್ಬರ್ನ್‌ನಲ್ಲಿದ್ದರು. ಸೋಮವಾರದ ಮೀಟಿಂಗ್‌ನಲ್ಲಿ ಮೊದಲ ಹತ್ತು ನಿಮಿಷ ಅವರು ಶನಿವಾರದ ಆಟದ ಮಾತಾಡುತ್ತಿದ್ದರು. ನಾವು, ಹುಡುಗನ ಕಡೆಯವರೂ ಅಲ್ಲದ ಹುಡುಗಿಯ ಕಡೆಯವರೂ ಅಲ್ಲದ ಮದುವೆಗೆ ಹೋದವರ ಹಾಗೆ, ನಗುತ್ತಾ ಕೂತಿರುತ್ತಿದ್ದೆವು. ಒಂದು ವರ್ಷ ನನ್ನ ಬಾಸ್ ಡೇವ್, ಆಫೀಸಿನ ಫ್ಯಾಂಟಸಿ ಲೀಗ್‌ಗೆ ಸಿಂಗಾಪುರದಿಂದಲೂ ಒಂದು ತಂಡ ಬರಲಿ ಎಂದ. ಬಾಸ್ 'ಬರಲಿ' ಎಂದರೆ ಏನರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ.

ಫ್ಯಾಂಟಸಿ ಎಂದರೆ ನಾವು ಆಡುವುದಿಲ್ಲ. ನಿಜವಾಗಿ ಆಡುವವರ ಹೆಸರುಗಳನ್ನು ಆರಿಸಿ ಫೋನಿನಲ್ಲಿ ಒಂದು ತಂಡ ಕಟ್ಟುತ್ತೇವೆ. ಅವರು ವಾರಾಂತ್ಯದಲ್ಲಿ ಬಿದ್ದು ಎದ್ದು ಗಳಿಸಿದ ಅಂಕವೆಲ್ಲ ನಮ್ಮ ಹೆಸರಿಗೆ ಜಮೆಯಾಗುತ್ತದೆ. ಮ್ಯಾನೇಜರ್ ಕೆಲಸಕ್ಕೆ ಇದು ಬಹಳ ಹತ್ತಿರವಾದ್ದರಿಂದ ನನಗೆ ಬೇಗ ಅರ್ಥವಾಯಿತು. ಆದರೂ ಒಬ್ಬನೇ ಮಾಡುವ ಧೈರ್ಯ ಸಾಲದೆ, ಜೊತೆಗೆ ಈರಣ್ಣನನ್ನು ಸೇರಿಸಿಕೊಂಡೆ.

ಈರಣ್ಣ ನಮ್ಮ ತಂಡದ ಟೆಸ್ಟರ್, ಗದಗಿನ ಕಡೆಯವರು. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವರಾದರೂ ನನ್ನನ್ನು ಸರ್ ಎಂದೇ ಕರೆಯುತ್ತಿದ್ದರು. ಎಲ್ಲರೆದುರು ಬೆಂಗಳೂರಿನ ಕನ್ನಡ. ಖುಷಿಯಾದಾಗ, ಸಿಟ್ಟು ಬಂದಾಗ ಗದಗಿನದು. ಆಂಗ್ ಮೋ ಕಿಯೋ ಬಡಾವಣೆಯಲ್ಲಿ ಹೆಂಡತಿ ಮತ್ತು ಐದನೆಯ ಕ್ಲಾಸಿನ ಮಗಳು ಸಹನಾ ಜೊತೆ ಇದ್ದರು. ಅವಳಿಗೆ ಮರುವರ್ಷ ಆರನೆಯ ಕ್ಲಾಸಿನ ದೊಡ್ಡ ಪರೀಕ್ಷೆ. ಸಿಂಗಾಪುರದಲ್ಲಿ ಆ ಪರೀಕ್ಷೆ ಇರುವ ಮನೆಯಲ್ಲಿ ಟಿವಿ ಕೂಡ ಮೆಲ್ಲಗೆ ಮಾತಾಡುತ್ತದೆ. ಶನಿವಾರ ಅವರ ಬ್ಲಾಕಿನ ನೆಲಮಹಡಿಯ ತೆರೆದ ಜಾಗದಲ್ಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ, ಕಲ್ಲು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾವಿಬ್ಬರೂ ತಂಡ ಆರಿಸುತ್ತಿದ್ದೆವು. ಹಿಂದೆ ಆಡುವವರನ್ನೂ ನಡುವೆ ಆಡುವವರನ್ನೂ ನಾನು ಆರಿಸುವುದು, ಫಾರ್ವರ್ಡ್‌ಗಳನ್ನು, ಅಂದರೆ ಗೋಲಿನ ಹತ್ತಿರ ಆಡುವವರನ್ನು, ಈರಣ್ಣ ಆರಿಸುವುದು ಎಂದು ಹಂಚಿಕೊಂಡೆವು.

ನಾವಿಬ್ಬರೂ ಕ್ರಿಕೆಟ್ ನೋಡಿ ಬೆಳೆದವರು. ರನ್ ಹೊಡೆಯುವವನೇ ದೊಡ್ಡವನು ಎಂಬುದು ರಕ್ತದಲ್ಲಿದೆ. ಹಾಗಾಗಿ ಈರಣ್ಣ ಅತಿ ಹೆಚ್ಚು ಗೋಲು ಹೊಡೆಯುವ ಆರು ಜನರನ್ನು ಸಾಲಾಗಿ ಎತ್ತಿಕೊಂಡರು, ನಾನೂ ಭೇಷ್ ಎಂದೆ. ಮೊದಲ ವಾರ ನಾವು ಕೊನೆಯ ಸ್ಥಾನದಲ್ಲಿದ್ದೆವು. ಎರಡನೆಯ ವಾರ ಅಲ್ಲಿಯೇ ನೆಲೆಸಿದೆವು. ಆಮೇಲೆ ಡೇವ್ ನಗುತ್ತಾ ವಿವರಿಸಿದ. ಫ್ಯಾಂಟಸಿಯಲ್ಲಿ ಪ್ರತಿ ಒದೆತಕ್ಕೆ, ಪ್ರತಿ ಹಿಡಿತಕ್ಕೆ, ಪ್ರತಿ ಸಲ ಎದುರಾಳಿಯನ್ನು ಕೆಡವಿದ್ದಕ್ಕೆ ಅಂಕ. ಗೋಲಿನ ಮುಂದೆ ನಿಂತ ಎತ್ತರದ ಫಾರ್ವರ್ಡ್, ಚೆಂಡು ತನ್ನ ಹತ್ತಿರ ಬರುವವರೆಗೆ ಕಾಯಬೇಕು. ನಡುವೆ ಓಡಾಡುವ ಗಿಡ್ಡ ಮನುಷ್ಯ ಅಷ್ಟರಲ್ಲಿ ನಾಲ್ಕು ಸಲ ಒದ್ದು, ನಾಲ್ಕು ಸಲ ಹಿಡಿದು, ಅವನ ಎರಡರಷ್ಟು ಅಂಕ ಗಳಿಸಿರುತ್ತಾನೆ. ಆದ್ದರಿಂದ ಹೆಸರಿಗೆ ಫಾರ್ವರ್ಡ್ ಎಂದಿದ್ದು ಮೈದಾನದ ತುಂಬ ಓಡಾಡುವವರನ್ನು ಹುಡುಕಬೇಕಂತೆ. ಹುದ್ದೆ ಒಂದು, ಕೆಲಸ ಇನ್ನೊಂದು ಎನ್ನುವವರನ್ನು ನಮ್ಮ ಬ್ಯಾಂಕಿನಲ್ಲೇ ಬೇಕಾದಷ್ಟು ನೋಡಿದ್ದೆನಾದ್ದರಿಂದ ಇದೂ ನನಗೆ ಸುಲಭವಾಯಿತು.

ವಾರಕ್ಕೆ ಇಬ್ಬರನ್ನು ಬದಲಾಯಿಸಬಹುದು. ಮೂರನೆಯ ವಾರದ ಹೊತ್ತಿಗೆ ನಾನು ಐವರನ್ನು ಕಿತ್ತು ಹಾಕಿದ್ದೆ. ಆರನೆಯವನ ಹತ್ತಿರ ಬಂದಾಗ ಈರಣ್ಣ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟರು. ಅವನು ಆರೂಮುಕ್ಕಾಲು ಅಡಿಯ ಹುಡುಗ. ಹೆಸರು ಬೇಡ, ಪಾಪ, ಈಗಲೂ ಆಡುತ್ತಿರಬಹುದು. ಈರಣ್ಣ ಅವನಿಗೆ ಉದ್ದಪ್ಪ ಎಂದು ಹೆಸರಿಟ್ಟಿದ್ದರು.

"ನಾವ ಕರಕೊಂಡು ಬಂದು, ನಾವ ಹೋಗು ಅನ್ನೂದು ಹೆಂಗ್ರೀ ಸರ್?" ಎಂದರು. "ಇದೊಂದು ಮ್ಯಾಚ್ ನೋಡೂಣು."

"ಈರಣ್ಣೋರೇ, ಅವನಿಗೆ ನಾವ್ಯಾರು ಅಂತಾನೇ ಗೊತ್ತಿಲ್ಲ."

"ಅವಗ ಗೊತ್ತಿಲ್ರೀ. ನಮಗ ಗೊತ್ತೈತಲ್ಲ."

ಪಕ್ಕದಲ್ಲಿ ಗಣಿತ ಮಾಡುತ್ತಿದ್ದ ಸಹನಾ ತಲೆಯೆತ್ತಿ, ಸಿಂಗಾಪುರದ ಮಾತಿನ ಧಾಟಿಯಲ್ಲಿ, "ಅಪ್ಪಾ, ಇದು ಜಸ್ಟ್ ಗೇಮ್ ಲಾ. ಡ್ರಾಪ್ ಮಾಡು" ಎಂದಳು. ಉದ್ದಪ್ಪ ಉಳಿದ. ಮುಂದಿನ ಮ್ಯಾಚ್, ಅದರ ಮುಂದಿನ ಮ್ಯಾಚ್, ಮೊಣಕಾಲು ಉಳುಕಿ ಬೆಂಚಿನ ಮೇಲೆ ಕೂತ ಮ್ಯಾಚ್, ಎಲ್ಲದಕ್ಕೂ ಉಳಿದ.

ಇದಕ್ಕೆ ನಮ್ಮಲ್ಲಿ ದಾಕ್ಷಿಣ್ಯ ಎನ್ನುತ್ತಾರೆ. ಡೇವ್‌ಗೆ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಐದು ನಿಮಿಷದ ಮೇಲೆ ಅದೊಂದು ಕಾಯಿಲೆ ಎಂದು ಅವನಿಗೆ ಅನ್ನಿಸುವ ಹಾಗೆ ಮಾಡಿದೆ. ನನ್ನ ಸೋದರತ್ತೆ ಒಬ್ಬಳು ದಾಕ್ಷಿಣ್ಯಕ್ಕೆ ಒಂದೇ ಮಧ್ಯಾಹ್ನ ಮೂರು ಮನೆಯಲ್ಲಿ ಒಬ್ಬಟ್ಟಿನ ಊಟ ಮಾಡಿ ಎರಡು ದಿನ ಮಲಗಿದ್ದಳು. ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆಯೂ ಒಂದಿದೆ, ಅದನ್ನು ಪೂರ್ತಿ ಹೇಳಲು ನನಗೆ ದಾಕ್ಷಿಣ್ಯ. ನಾನು ಮಾತ್ರ ಸಿಂಗಾಪುರಕ್ಕೆ ಬಂದ ಮೇಲೆ ಅದರಿಂದ ಗುಣವಾದೆ ಎಂದುಕೊಂಡಿದ್ದೆ.

ಜೂನ್‌ನಲ್ಲಿ ಡೇವ್ ಒಬ್ಬನೇ ಕಾಲ್ ಮಾಡಿದ. ಫುಟ್‌ಬಾಲ್ ಮಾತಾಡಲಿಲ್ಲ, ಆಗಲೇ ನನಗೆ ಹೆದರಿಕೆಯಾಯಿತು. ಆರು ಜನರ ತಂಡ ಐದಾಗಬೇಕು, ಯಾರು ಎಂದು ಶುಕ್ರವಾರದೊಳಗೆ ನೀನೇ ಹೇಳು ಎಂದ. ನಾನು ಎಕ್ಸೆಲ್ ತೆರೆದೆ. ಬೇರೆ ಫೈಲ್ ಅಲ್ಲ, ನಮ್ಮ ಫಾರ್ವರ್ಡ್‌ಗಳಿದ್ದ ಫೈಲಿನಲ್ಲೇ ಎರಡನೆಯ ಶೀಟ್. ಯಾರು ವಾರಕ್ಕೆ ಎಷ್ಟು ಟಿಕೆಟ್, ಅಂದರೆ ಬಂದ ದೂರು, ಮುಗಿಸಿದರು ಎಂದು ಸಾಲಾಗಿ ಬರೆದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಕೊನೆಯಲ್ಲಿ ಈರಣ್ಣ ಬಂದರು.

ಯಾಕೆ ಕೊನೆ ಎಂದು ನನಗೆ ಗೊತ್ತಿತ್ತು. ಯಾರೂ ಮುಟ್ಟಲೊಲ್ಲದ ಹಳೆಯ ಪ್ರೋಗ್ರಾಮ್ ಒಂದಿತ್ತು, ಅದನ್ನು ಕಾಯುವುದು ಅವರ ಕೆಲಸ. ತಿಂಗಳಿಗೊಂದು ತಪ್ಪು ಹಿಡಿಯುತ್ತಿದ್ದರು, ಆ ಒಂದನ್ನು ಹಿಡಿಯದಿದ್ದರೆ ನಮ್ಮೆಲ್ಲರ ಶನಿವಾರ ಹಾಳಾಗುತ್ತಿತ್ತು. ಶೀಟಿನಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ. ಕಾಲಮ್ ಸೇರಿಸಬಹುದಿತ್ತು. ಕೆಲಸ ಹೋದರೆ ಇಲ್ಲಿ ಇರಲು ಕೊಟ್ಟ ಪಾಸೂ ಹೋಗುತ್ತದೆ, ಮೂವತ್ತು ದಿನದಲ್ಲಿ ಬೇರೆ ಕೆಲಸ ಸಿಗಬೇಕು ಇಲ್ಲವೇ ದೇಶ ಬಿಡಬೇಕು, ಸಹನಾಳ ಪರೀಕ್ಷೆ ಮುಂದಿನ ವರ್ಷ ಎಂಬುದೂ ಗೊತ್ತಿತ್ತು. ಗುರುವಾರವೇ ಆ ಶೀಟಿನ ಜೊತೆ ಹೆಸರು ಕಳಿಸಿದೆ, ಒಂದು ದಿನ ಮುಂಚೆ. ಡೇವ್ ಥ್ಯಾಂಕ್ಸ್ ಎಂದ. ಈರಣ್ಣನಿಗೆ ವಿಷಯ ಹೇಳಿದ್ದು ಮೆಲ್ಬರ್ನ್‌ನ ಎಚ್‌ಆರ್, ವಿಡಿಯೋದಲ್ಲಿ. ಆ ಹೊತ್ತಿನಲ್ಲಿ ನಾನು ಕೆಳಗೆ ಕಾಫಿ ಕುಡಿಯುತ್ತಿದ್ದೆ.

ಬೇರೆ ಕೆಲಸ ಸಿಗಲಿಲ್ಲ. ಹೊರಡುವ ಮೊದಲು ಸೆರಂಗೂನ್ ರಸ್ತೆಯ ಹೋಟೆಲಿನಲ್ಲಿ ಅವರಿಗೆ ಊಟ ಕೊಡಿಸಿದೆ. ಬಾಳೆಲೆಯ ಮುಂದೆ ಕೂತು ಈರಣ್ಣ, "ಸರ್, ನನ್ನ ಸಲುವಾಗಿ ನೀವು ಮೇಲಿನವರ ಜೋಡಿ ಭಾಳ ಜಗಳ ಆಡಿರಬೇಕು. ಥ್ಯಾಂಕ್ಸ್ ರೀ" ಎಂದರು.

ನಾನು ಅಲ್ಲ ಎನ್ನಲಿಲ್ಲ. ಮಜ್ಜಿಗೆ ಕುಡಿದೆ. ನಿಮಗೆ ಇದನ್ನು ಹೇಳಲು ನಾಚಿಕೆಯಾಗುತ್ತಿದೆ. ಇಷ್ಟು ಹೊತ್ತು ಕಂಬ, ಚೆಂಡು ಎಂದು ಸುತ್ತಿ ಬಳಸಿದ್ದೂ ಅದಕ್ಕೇ. ಅವರು ಇನ್ನೊಂದು ಮಾತು ಹೇಳಿದರು: "ಉದ್ದಪ್ಪನ್ನ ಮಾತ್ರ ತೆಗೀಬ್ಯಾಡ್ರಿ." ತೆಗೆಯಲಿಲ್ಲ. ಆ ವರ್ಷ ಕೊನೆಯ ಸ್ಥಾನ ಯಾರಿಗೂ ಬಿಟ್ಟುಕೊಡದೆ ಮುಗಿಸಿದೆ, ಮರುವರ್ಷ ಆಡಲಿಲ್ಲ. ಆ್ಯಪ್ ಅಳಿಸಿದರೆ ಉದ್ದಪ್ಪನನ್ನೂ ತೆಗೆದ ಹಾಗಾಗುತ್ತದೆಂದು ಅದನ್ನು ಮಾತ್ರ ಉಳಿಸಿಕೊಂಡೆ.

ಆಮೇಲಿನ ಐದು ವರ್ಷದಲ್ಲಿ ಈರಣ್ಣನಿಗೆ ಯುಗಾದಿಗೆ, ದೀಪಾವಳಿಗೆ ಬೇವು-ಬೆಲ್ಲದ, ದೀಪದ ಚಿತ್ರ ಕಳಿಸಿದ್ದೇನೆ. ಅವರೂ ಕಳಿಸುತ್ತಾರೆ. ಈಗ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದಾರೆ. ನಿಜ ಹೇಳಿದರೆ ಅವರಿಗೆ ನೋವಾಗುತ್ತದೆ, ಸುಮ್ಮನಿರುವುದೇ ದಾಕ್ಷಿಣ್ಯ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಗುರುವಾರ ಸಂದೇಶ ಬಂದಾಗ ಅಂಗಡಿಯಿಂದ ಹೊರಬಂದು, ಆ್ಯಪ್ ತೆರೆದು, ಫಾರ್ವರ್ಡ್‌ಗಳ ಪಟ್ಟಿಯಲ್ಲಿ ಇಬ್ಬರ ಹೆಸರು ಒತ್ತಿದೆ. ಮೂರನೆಯವನನ್ನು ಒತ್ತಲು ಮನಸ್ಸಾಗಲಿಲ್ಲ, ಈರಣ್ಣನ ಹೆಸರನ್ನೂ ಹೀಗೇ ಪಟ್ಟಿಯಿಂದ ಎತ್ತಿ ಕಳಿಸಿದ್ದು ನೆನಪಾಯಿತು. ನನ್ನದು ದಾಕ್ಷಿಣ್ಯವಲ್ಲ, ಹೇಡಿತನ. ಇಷ್ಟು ಸಣ್ಣ ಮಾತು ಗೊತ್ತಾಗುವುದಕ್ಕೆ ಐದು ವರ್ಷ ಬೇಕಾಯಿತು. ಅಲ್ಲೇ ಫುಟ್‌ಪಾತಿನಲ್ಲಿ ನಿಂತು ಹುಬ್ಬಳ್ಳಿಗೆ ಫೋನ್ ಮಾಡಿದೆ.

"ಸರ್! ಆರಾಮದೀರಿ?" ಎಂದರು. ಊಟದ ಹೊತ್ತು, ಹಿಂದೆ ಪಾತ್ರೆಯ ಸದ್ದು.

ಮುನ್ನುಡಿ ಹಾಕಿದರೆ ಹೇಳಲಾರೆ ಎಂದು ನೇರವಾಗಿ ಹೇಳಿದೆ. "ಈರಣ್ಣೋರೇ, ಆವತ್ತು ನಿಮ್ಮ ಹೆಸರು ಕೊಟ್ಟಿದ್ದು ಮೆಲ್ಬರ್ನ್‌ನವರಲ್ಲ. ನಾನು."

"ಗೊತ್ತಿತ್ರೀ ಸರ್," ಎಂದರು. "ಎಚ್‌ಆರ್‌ನಾಕಿ ಶೀಟ್ ತೋರಿಸಿದ್ಲು. ಮ್ಯಾಲೆ ನಿಮ್ಮ ಹೆಸರಿತ್ತು."

"ಮತ್ತೆ ಹೋಟೆಲ್‌ನಲ್ಲಿ ಥ್ಯಾಂಕ್ಸ್ ಅಂದ್ರಲ್ಲ?"

"ನಿಮಗ ಅನ್ನ ಇಳೀವಲ್ದಾಗಿತ್ತು. ನೋಡಾಕ ಆಗಲಿಲ್ಲ, ಅಂದೆ."

ಬಸ್ಸೊಂದು ಹಾದು ಹೋಯಿತು. ಅವರು ಕ್ಷಮಿಸಿದ್ದೇನೆ ಎನ್ನುತ್ತಾರೆ, ನಾನು ಹಗುರಾಗಿ ಮನೆಗೆ ಹೋಗುತ್ತೇನೆ ಎಂದು ಕಾಯುತ್ತಿದ್ದೆ.

"ಆದ್ರ ಒಂದು ಮಾತು ಹೇಳತೀನಿ," ಎಂದರು ಈರಣ್ಣ. ದನಿಯಲ್ಲಿ ಸರ್ ಇರಲಿಲ್ಲ. "ನನ್ನ ಹೆಸರು ಕೊಟ್ಟದ್ದಕ್ಕ ಸಿಟ್ಟಿಲ್ಲ. ಯಾರದಾರ ಕೊಡಬೇಕಿತ್ತು. ಮಗಳ ಪರೀಕ್ಷಾ ಮುಗಿಯೂತನ ಒಂದು ವರ್ಷ ಬಿಡ್ರಿ ಅಂತ ಒಮ್ಮೆ ಕೇಳಬಹುದಿತ್ತು ನೀವು. ಅವರು ಆಗೂದಿಲ್ಲ ಅಂತಿದ್ರು, ಅನ್ಲಿ. ನೀವು ಕೇಳಲಿಲ್ಲ."

ಬಜೆಟ್, ಡೇವ್, ಶುಕ್ರವಾರದ ಗಡುವು, ಎಲ್ಲವೂ ಐದು ವರ್ಷದಿಂದ ನಾಲಿಗೆಯ ತುದಿಯಲ್ಲಿ ತಯಾರಾಗಿದ್ದವು.

"ಇಲ್ಲ. ಕೇಳಲಿಲ್ಲ" ಎಂದೆ.

ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.